ತೇಲ್ ಅರಾದ್: ಯಾಜಕಕಾಂಡ ಓದಿಕೊಂಡು ಹೋಗುವವರಿಗೆ

ಬೆಂಗಳೂರು, ಮಂಗಳೂರಿನಿಂದ ಹೊರಡುವ ಪವಿತ್ರನಾಡಿನ ಗುಂಪು ಪ್ರವಾಸಗಳಲ್ಲಿ ಜೆರುಸಲೇಮ್, ಬೆತ್ಲೆಹೇಮ್, ಗಲಿಲಾಯ ಇದ್ದೇ ಇರುತ್ತವೆ. ದಕ್ಷಿಣದ ನೆಗೆವ್ ಮರುಭೂಮಿ ಸಾಮಾನ್ಯವಾಗಿ ಇರುವುದಿಲ್ಲ. ಆದರೆ ಬೈಬಲಿನಲ್ಲಿ ಯಜ್ಞವಿಧಿಗಳನ್ನು ಹೇಳುವ ಯಾಜಕಕಾಂಡ ಓದಿ, ಹಳೆ ಒಡಂಬಡಿಕೆಯ ಕಾಲದ ಯಜ್ಞವೇದಿ ಕಣ್ಣಾರೆ ಕಾಣಬೇಕೆನಿಸಿದರೆ ಅಲ್ಲಿಗೆ ಹೋಗಿ. ಸೊಲೊಮೋನನ ದೇವಾಲಯದ್ದೆಂದು ಖಚಿತವಾಗಿ ತೋರಿಸಬಹುದಾದ ಒಂದು ಗೋಡೆಯೂ ಜೆರುಸಲೇಮಿನಲ್ಲಿಲ್ಲ.

ನೋಡುವ ಕ್ರಮ ಹೀಗಿರಲಿ: ಮೊದಲು ತೇಲ್ ಬೇರ್ಷೆಬ, ಆಮೇಲೆ ತೇಲ್ ಅರಾದ್ (ತೇಲ್ ಎಂದರೆ ಹಳೆಯ ಊರು ಹೂತ ದಿಬ್ಬ), ಕೊನೆಗೆ ಜೆರುಸಲೇಮಿನ ಇಸ್ರೇಲ್ ಮ್ಯೂಸಿಯಂ. ಬೇರ್ಷೆಬದ ಬಾಗಿಲಲ್ಲಿ ಕಾಣುವ ನಾಲ್ಕು ಕೊಂಬಿನ (ಮೂಲೆಗಳಲ್ಲಿ ಮೇಲಕ್ಕೆ ಚಾಚಿದ ಕಲ್ಲಿನ ಮೊನೆಗಳ) ವೇದಿ ಪ್ರತಿಕೃತಿ, ಮೂಲ ಮ್ಯೂಸಿಯಮ್ಮಿನಲ್ಲಿದೆ. ಅದರ ಕಲ್ಲುಗಳು 1973ರಲ್ಲಿ ಸಿಕ್ಕಿದ್ದು ಒಂದು ಉಗ್ರಾಣದ ಗೋಡೆಯೊಳಗೆ. ಯಾರೋ ವೇದಿಯನ್ನು ಕಳಚಿ ಗೋಡೆಗೆ ಬಳಸಿದ್ದರು. ಮೂರು ಕೊಂಬು ಸರಿಯಾಗಿವೆ, ನಾಲ್ಕನೆಯದು ಮುರಿದಿದೆ. ಒಂದು ಕಲ್ಲಿನ ಮೇಲೆ ಹಾವಿನ ಗೆರೆಯಿದೆ, ತಪ್ಪದೆ ನೋಡಿ. ಇವೆಲ್ಲ ಕೆತ್ತಿದ ಕಲ್ಲುಗಳು ಎನ್ನುವುದೂ ನೆನಪಿರಲಿ: ವಿಮೋಚನಕಾಂಡ 20:25 ಉಳಿ ತಾಗಿದ ಕಲ್ಲು ಬೇಡವೆನ್ನುತ್ತದೆ.

ಅಲ್ಲಿಂದ ತೇಲ್ ಅರಾದ್ ಸುಮಾರು 40 ಕಿ.ಮೀ. ಬಾಡಿಗೆ ಕಾರಿದ್ದರೆ ಎರಡೂ ಒಂದೇ ದಿನಕ್ಕೆ ಆಗುತ್ತವೆ. ಬಸ್ಸಾದರೆ ಹೆದ್ದಾರಿಯ ಜಂಕ್ಷನ್ನಿನಲ್ಲಿ ಇಳಿದು ನೆರಳಿಲ್ಲದ ರಸ್ತೆಯಲ್ಲಿ ನಡೆಯಬೇಕು. ಶುಕ್ರವಾರ ಮಧ್ಯಾಹ್ನದಿಂದ ಶನಿವಾರ ಸಂಜೆವರೆಗೆ ಬಸ್ಸು ನಂಬಬೇಡಿ. ಬೇಸಿಗೆಯಾದರೆ ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರಿ, ತಲೆಗೆ ಟೋಪಿ, ಒಬ್ಬೊಬ್ಬರಿಗೆ ಮೂರು ಲೀಟರ್ ನೀರು ಇರಲಿ. ಭದ್ರತೆಯ ಸ್ಥಿತಿ ನೋಡಿಯೇ ಟಿಕೆಟ್ ಮಾಡಿ.

ತೇಲ್ ಅರಾದಿನಲ್ಲಿ ಎರಡು ಭಾಗ: ಕೆಳಗೆ ಇಸ್ರಾಯೇಲ್ಯರಿಗಿಂತ ಮೊದಲಿದ್ದ ಕಾನಾನ್ಯರ ಊರು, ಮೇಲೆ ಯೆಹೂದ ರಾಜ್ಯದ ಕಾಲದ ಕೋಟೆ. ಹೆಚ್ಚಿನವರು ಸೋಲುವುದು ಕೆಳಗಿನ ಊರಿನಲ್ಲಿ. ಅದು ಕೋಟೆಗಿಂತ ಸಾವಿರಾರು ವರ್ಷ ಹಳೆಯದು, ದೊಡ್ಡದು. ಸುತ್ತಿ ಮುಗಿಸುವಷ್ಟರಲ್ಲಿ ಬಿಸಿಲೇರಿ ಮೇಲಿನ ಕೋಟೆಗೆ ಉತ್ಸಾಹವೇ ಉಳಿಯುವುದಿಲ್ಲ. ನೇರ ಕೋಟೆಗೆ ಹತ್ತಿ.

1960ರ ದಶಕದಲ್ಲಿ ಪುರಾತತ್ವಜ್ಞ ಯೊಹಾನನ್ ಅಹರೋನಿ ಅಗೆಸಿದ ದೇವಾಲಯ ಕೋಟೆಯೊಳಗಿದೆ. ಪೂರ್ವದಲ್ಲಿ ಅಂಗಳ, ಅದರಾಚೆ ಅಗಲವಾದ ಕೋಣೆ, ಪಶ್ಚಿಮದ ಕೊನೆಗೆ ಮೆಟ್ಟಿಲೇರಿ ಹೋಗುವ ಗೂಡಿನಂಥ ಒಳಗುಡಿ. ಪಶ್ಚಿಮಕ್ಕೆ ಮುಖಮಾಡಿ ಅಂಗಳದಲ್ಲಿ ನಿಂತು ಯಾಜಕಕಾಂಡ 4 ತೆಗೆಯಿರಿ. ಸಾಮಾನ್ಯನ ಪಾಪಕ್ಕೆ ಹೆಣ್ಣು ಆಡೋ ಕುರಿಯೋ. ರಕ್ತ ಅಂಗಳದ ವೇದಿಯ ಕೊಂಬುಗಳಿಗಷ್ಟೇ. ಮಹಾಯಾಜಕನದೋ ಇಡೀ ಸಮೂಹದ್ದೋ ಪಾಪವಾದರೆ ಹೋರಿ; ಅದರ ರಕ್ತ ಒಳಗೆ ಹೋಗುತ್ತದೆ, ಒಳಗುಡಿಯನ್ನು ಮರೆಮಾಡುವ ತೆರೆಯ ಮುಂದೆ ಏಳು ಸಲ ಚಿಮುಕಿಸಿ ಧೂಪವೇದಿಯ ಕೊಂಬಿಗೆ ಹಚ್ಚಿ, ಉಳಿದದ್ದನ್ನು ಹೊರಗಿನ ವೇದಿಯ ಬುಡಕ್ಕೆ ಹೊಯ್ಯುತ್ತಾರೆ. ವರ್ಷಕ್ಕೊಂದು ದಿನ ಮಾತ್ರ ಅತ್ಯಂತ ಒಳಗೆ (ಅಧ್ಯಾಯ 16). ಯಾರ ತಪ್ಪು ಎಷ್ಟು ದೊಡ್ಡದೋ ಅದರ ಮೈಲಿಗೆ ಅಷ್ಟು ಒಳಗೆ ಮುಟ್ಟುತ್ತದೆ, ರಕ್ತ ಅಲ್ಲಿಯವರೆಗೂ ಹೋಗಿ ಶುದ್ಧ ಮಾಡಬೇಕು. ಓದುವಾಗ ಒಂದೇ ಸಮನೆ ಕಾಣುವ ಈ ವಿಧಿಗಳ ಅಂತರ ಇಲ್ಲಿ ಹೆಜ್ಜೆಗಳಲ್ಲಿ ತಿಳಿಯುತ್ತದೆ.

ಅಂಗಳದ ವೇದಿ ಒರಟು ಕಲ್ಲು ಮತ್ತು ಮಣ್ಣಿನದು, ಸುಮಾರು ಎರಡೂವರೆ ಮೀಟರ್ ಚೌಕ. ವಿಮೋಚನಕಾಂಡ 27:1ರ ಐದು ಮೊಳಕ್ಕೆ ಹತ್ತಿರ. ಆದರೆ ಎಲ್ಲವನ್ನೂ ವಚನಕ್ಕೆ ಹೊಂದಿಸಲು ಹೋಗಬೇಡಿ. ಇದಕ್ಕೆ ಕೊಂಬಿಲ್ಲ, ಒಳಗುಡಿಯಲ್ಲಿ ನಿಲ್ಲಿಸಿದ್ದ ಕಲ್ಲುಕಂಬವನ್ನು ಧರ್ಮೋಪದೇಶಕಾಂಡ 16:22 ನಿಷೇಧಿಸುತ್ತದೆ. ಈ ಗುಡಿಯ ಎರಡು ಧೂಪವೇದಿಗಳು ಮಲಗಿಸಿಟ್ಟ ಸ್ಥಿತಿಯಲ್ಲಿ ಸಿಕ್ಕವು. ಯೆಹೂದದ ಅರಸ ಹಿಜ್ಕೀಯನ ಸುಧಾರಣೆಯಲ್ಲಿ ಗುಡಿಯನ್ನು ಮುಚ್ಚಿದರೆನ್ನುವವರು ಇದನ್ನೇ ಸಾಕ್ಷಿಯಾಗಿ ಹಿಡಿಯುತ್ತಾರೆ (2 ಅರಸು 18:4); ಶತ್ರುಗಳಿಂದ ಕಾಪಾಡಲು ಹೂತರೆನ್ನುವವರೂ ಇದ್ದಾರೆ. ಗೈಡ್ ಒಂದನ್ನೇ ಹೇಳಿದರೆ ಇನ್ನೊಂದನ್ನು ಕೇಳಿ.

ಇಲ್ಲಿ ಕಾಣುವ ಧೂಪವೇದಿಗಳೂ ನಕಲು. ಅಸಲು ಜೋಡಿ, ಒಂದು 52 ಸೆಂ.ಮೀ., ಇನ್ನೊಂದು 40 ಸೆಂ.ಮೀ., ಮ್ಯೂಸಿಯಮ್ಮಿನ ಪುರಾತತ್ವ ವಿಭಾಗದಲ್ಲಿವೆ. ನೆತ್ತಿಯ ಕಪ್ಪು ಪದರವನ್ನು ಹತ್ತಿರದಿಂದ ನೋಡಿ: 2020ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ದೊಡ್ಡದರಲ್ಲಿ ಕೊಬ್ಬು ಬೆರೆತ ಧೂಪ, ಚಿಕ್ಕದರಲ್ಲಿ ಸಗಣಿ ಬೆರೆತ ಗಾಂಜಾ ಸಿಕ್ಕಿತು. ಮ್ಯೂಸಿಯಮ್ಮಿನ ಸಮಯ ವಾರದ ದಿನಕ್ಕೊಂದು ಥರ, ಹಿಂದಿನ ದಿನವೇ ನೋಡಿಕೊಳ್ಳಿ.