ಮೇಣ ಒಡೆದಾಗ ಡ್ರಾಪ್‌ಡೌನ್ ನಂಬ್ಬೇಡಿ

ಕೌಲಾಲಂಪುರದಲ್ಲಿ ಆರ್ಟ್ ಶಿಪ್ಪಿಂಗ್ ಕಂಪನಿಲಿ ಕೆಲಸ ನಂದು. ಕ್ರೇಟ್ ಬಿಚ್ಚೋವಾಗ ಪಕ್ಕದಲ್ಲಿ ನಿಂತು ಕಂಡೀಷನ್ ರಿಪೋರ್ಟ್, ಅಂದ್ರೆ ಕೃತಿ ಯಾವ ಸ್ಥಿತಿಲಿ ಬಂತು ಅನ್ನೋ ದಾಖಲೆ, ಬರೆಯೋನು ನಾನೇ. ಮಲೇಷ್ಯಾ-ಇಂಡೋನೇಷ್ಯಾ ಎಕ್ಸ್‌ಚೇಂಜ್ ಶೋ ಅಂದ್ರೆ ನಮ್ಮಲ್ಲಿ ಎಲ್ರೂ ಹುಷಾರು, ಅದರಲ್ಲೂ ಬಾಟಿಕ್, ಅಂದ್ರೆ ಮೇಣದಲ್ಲಿ ಚಿತ್ತಾರ ಬರೆದು ಬಣ್ಣ ಹಾಕೋ ಬಟ್ಟೆ, ಇದ್ರೆ ಕೇಳೋದೇ ಬೇಡ. 2009ರಲ್ಲಿ ಮಲೇಷ್ಯಾ ಬಗ್ಗೆ ಬಂದ ಟೀವಿ ಪ್ರೋಮೋದಲ್ಲಿ ಬಾಲಿಯ ಪೆಂಡೆಟ್ ಡ್ಯಾನ್ಸ್ ಕಾಣಿಸ್ತು, ನಮ್ಮದನ್ನ ಮಲೇಷ್ಯಾ ತನ್ನದು ಅಂತಿದೆ ಅಂತ ಇಂಡೋನೇಷ್ಯಾದಲ್ಲಿ ದೊಡ್ಡ ರಂಪ ಆಗಿತ್ತು, ಅದೇ ವರ್ಷ ಯುನೆಸ್ಕೋ ಇಂಡೋನೇಷ್ಯಾದ ಬಾಟಿಕ್‌ನ ತನ್ನ ಪರಂಪರೆ ಪಟ್ಟಿಗೆ ಸೇರಿಸ್ಕೊಳ್ತು. ಹಾಗಾಗಿ ಗೋಡೆ ಲೇಬಲ್ಲಿನ ಒಂದೊಂದು ಸಾಲಿಗೂ ಎರಡೂ ಕಡೆ ಕ್ಯುರೇಟರ್‌ಗಳು ಮೇಲ್ ಮೇಲೆ ಮೇಲ್ ಹಾಕ್ತಿದ್ರು. ಬಟ್ಟೆ ಹೇಗೆ ಬರುತ್ತೆ ಅಂತ ಮಾತ್ರ ಒಬ್ರೂ ಕೇಳ್ಲಿಲ್ಲ.

ಮಾಮೂಲಿ ಬಾಟಿಕ್‌ನಲ್ಲಿ ಮೇಣ ಹಾಕಿ, ಬಣ್ಣದಲ್ಲಿ ಅದ್ದಿ, ಕೊನೆಗೆ ಕುದಿಸಿ ಮೇಣ ತೆಗೀತಾರೆ. ಅಂಥ ಒಂದು ಶೋಗೆ ಕೃತಿ ಕಳಿಸಿದ್ದ ಇಂಡೋನೇಷ್ಯಾದ ಯೋಗ್ಯಕರ್ತದ ಕಲಾವಿದೆ ತೆಗೆದೇ ಇರ್ಲಿಲ್ಲ, ಆ ಮೇಣವೇ ಆಕೆಯ ಕೃತಿ. ಉದ್ದನೆ ಬಟ್ಟೆ ತುಂಬ ಚಾಂಟಿಂಗ್ (ಮೇಣ ಸುರಿಸೋ ಪೆನ್ನಿನಂಥ ಸಾಧನ) ಹಿಡಿದು ಎಳೆದ ಕಂದು ಗೆರೆಗಳು, ಕೂದಲೆಳೆ ಸಣ್ಣ. ಫ್ಲಾಟ್ ಕ್ರೇಟ್ ಬೇಕು ಅಂತ ಕೋಟ್‌ನಲ್ಲಿ ಹಾಕಿದ್ದೆ, ವಾಲ್ಯೂಮೆಟ್ರಿಕ್ ವೆಯ್ಟ್ (ಪೆಟ್ಟಿಗೆ ಹಿಡಿಯೋ ಜಾಗದ ಮೇಲೆ ಲೆಕ್ಕ ಹಾಕೋ ತೂಕ) ನೋಡಿ ಮ್ಯಾನೇಜ್‌ಮೆಂಟ್ ಅದನ್ನ ಹೊಡೆದು ಹಾಕಿ ಟ್ಯೂಬ್‌ಗೆ ಸುತ್ತಿಸ್ತು.

ಕ್ರೇಟ್ ಬಂದ್ಮೇಲೆ ಒಂದು ದಿನ ಗ್ಯಾಲರಿ ಹವಾದಲ್ಲಿ ಹಾಗೇ ಬಿಡ್ಬೇಕು, ಇದು ಎಲ್ರಿಗೂ ಗೊತ್ತು. ಆದ್ರೆ ಮೀಡಿಯಾ ಪ್ರಿವ್ಯೂ ತಲೆ ಮೇಲೆ ಕೂತಿತ್ತು, ಬಿಚ್ಚಿ ಅಂದ್ರು, ಬಿಚ್ಚಿದ್ವಿ. ಟ್ಯೂಬ್ ಮುಟ್ಟಿದ್ರೆ ಇನ್ನೂ ತಣ್ಣಗೆ. ನಮ್ಮ ಹ್ಯಾಂಡ್ಲರ್ ಅಬಾಂಗ್ ಒಂದು ತುದಿ ನಾನೊಂದು ತುದಿ ಹಿಡ್ಕೊಂಡು ನಿಧಾನಕ್ಕೆ ಬಿಡಿಸ್ತಾ ಹೋದ್ವಿ, ಒಂದು ಸುತ್ತು ಬಿಡೋಷ್ಟರಲ್ಲಿ ಚಟ್ ಅಂತು, ಆಮೇಲೆ ಹಪ್ಪಳ ಮುರಿದಂಗೆ ಚಟಚಟ. ಅಬಾಂಗ್ ನಿಂತು ನನ್ನ ಮುಖ ನೋಡಿದ. ಆಗ್ಲಾದ್ರೂ ನಿಲ್ಲಿಸ್ಬೇಕಿತ್ತು. ನನ್ನ ತಲೆಲಿ ಇದ್ದಿದ್ದು ಬೇರೆ, ಇಲ್ಲಿ ವರ್ಷಗಟ್ಲೆ ನೋಡಿರೋ ಬಾಟಿಕ್ ಪೇಂಟಿಂಗ್‌ಗಳು. ಪೆನಾಂಗ್‌ನ ಚುಆ ತಿಯಾನ್ ತೆಂಗ್ 1950ರ ದಶಕದಲ್ಲಿ ಶುರು ಮಾಡಿದ ಆ ದಾರಿಯಲ್ಲಿ ಮೇಣದ ಬಿರುಕಿಗೆ ಬಣ್ಣ ಇಳಿದು ಜಾಲ ಜಾಲ ಕಾಣೋದೇ ಒಂದು ಚೆಂದ. ಬಾಟಿಕ್ ಅಂದ್ರೆ ಬಿರುಕು ಇದ್ದೇ ಇರುತ್ತಪ್ಪಾ ಅಂದ್ಕೊಂಡು ಮುಂದುವರ್ಸು ಅಂದೆ. ಆ್ಯಪ್‌ನಲ್ಲಿ ಡ್ರಾಪ್‌ಡೌನ್, 'ಇನ್‌ಹೆರೆಂಟ್', ಅಂದ್ರೆ ಕೃತಿಯ ಸ್ವಭಾವದಲ್ಲೇ ಇರೋದು, ಸಾಗಾಟದಲ್ಲಿ ಆದದ್ದಲ್ಲ ಅಂತ ಒತ್ತಿ ಸೈನ್ ಹಾಕ್ದೆ.

ಮಾರನೇ ದಿನ ಆ ಕಲಾವಿದೆ ಬಂದ್ರು. ಬಗ್ಗಿ ಉಗುರಲ್ಲಿ ಒಂದು ಗೆರೆ ಮುಟ್ಟಿದ್ರು, ಸಣ್ಣ ಚೂರು ಎದ್ದು ಬಂತು. "ಬಿಚ್ಚಿದಾಗ ಎಷ್ಟು ತಣ್ಣಗಿತ್ತು?" ಅಷ್ಟೇ ಕೇಳಿದ್ದು. ಜಾವಾದಲ್ಲಿ ನಯವಾದ ತುಲಿಸ್ ಕೆಲಸ, ಅಂದ್ರೆ ಕೈಯಲ್ಲೇ ಬರೆಯೋ ಬಾಟಿಕ್, ಕಲಿತವರಿಗೆ ಬಿರುಕು ಅಂದ್ರೆ ಕೆಲಸ ಕೆಟ್ಟಿದೆ ಅಂತ, ಬಣ್ಣ ನುಗ್ಗಬಾರದ ಕಡೆ ನುಗ್ಗುತ್ತೆ. ಅದು ನಂಗೆ ಗೊತ್ತಿರ್ಬೇಕಿತ್ತು. ಅಷ್ಟೊತ್ತಿಗೆ ನಮ್ಮ ಕಡೆ ಕ್ಯುರೇಟರ್ ಸಮಾಧಾನ ಮಾಡೋಕೆ ಹೋಗಿ, ಹೀಗೂ ಚೆನ್ನಾಗೇ ಇದೆ ಅಲ್ವಾ ಅಂದುಬಿಟ್ರು. "ಹಾಗಾದ್ರೆ ಲೇಬಲ್ ಮೇಲೆ ನಿಮ್ಮ ಹೆಸರೇ ಹಾಕ್ಕೊಳ್ಳಿ, ಬಾಟಿಕ್ ಹೇಗಿದ್ರೂ ನಿಮ್ದೇ ಅಂತೀರಲ್ಲ" ಅಂದ್ರು ಆಕೆ. ರೂಮಲ್ಲಿ ಪಿಟ್ ಅನ್ನೋರಿಲ್ಲ.

ಒಡೆದ ಗೆರೆ ಮತ್ತೆ ತುಂಬೋಕೆ ಮೇಣ ಕಾಯಿಸ್ಬೇಕು, ಗ್ಯಾಲರಿಲಿ ಒಲೆ ಹಚ್ಚಂಗಿಲ್ಲ. ಕೃತಿ ಎರವಲು ತಂದ ಲೋನ್ ಪೇಪರ್ ತಿದ್ದಿಸಿ, ಇನ್ಷೂರೆನ್ಸ್‌ನೋರ ಹತ್ರ ಜಾಗ ಬದಲಾಯಿಸೋಕೆ ಒಪ್ಪಿಗೆ ತಗೊಂಡು, ಶೋನಲ್ಲೇ ಇದ್ದ, ಮಲೇಷ್ಯಾದ ಕೆಲಾಂತಾನ್ ರಾಜ್ಯದ ಕಲಾವಿದರೊಬ್ಬರ ಸ್ಟುಡಿಯೋಗೆ ಸಾಗಿಸಿದ್ವಿ. ಅಲ್ಲಿ ಮೇಣ ಕಾಯಿಸ್ತಾ ಇಬ್ರಿಗೂ ಜಗಳ, ಪ್ಯಾರಾಫಿನ್ ಜಾಸ್ತಿ ಆದ್ರೆ ಒಡೆಯುತ್ತೆ, ಜೇನುಮೇಣ ಹಾಕಿ ಅಂತ ಯೋಗ್ಯಕರ್ತದವರು, ಅದರ ರೇಟು ಗೊತ್ತಾ ಅಂತ ಕೆಲಾಂತಾನ್‌ನವರು. ರಾತ್ರಿ ತನಕ ಇಬ್ರೂ ಒಂದೇ ಬಾಣಲೆ ಮುಂದೆ ಕೂತು ಗೆರೆ ತುಂಬಿದ್ರು, ಎರಡೂ ಕಡೆ ಕ್ಯುರೇಟರ್‌ಗಳು ಅಲ್ಲಿರ್ಲಿಲ್ಲ, ಒಳ್ಳೇದೇ ಆಯ್ತು.

ಇನ್ಷೂರೆನ್ಸ್ ಕ್ಲೇಮ್ ರಿಜೆಕ್ಟ್ ಆಯ್ತು, 'ಇನ್‌ಹೆರೆಂಟ್' ಅಂತ ನನ್ನ ಸೈನ್ ಇತ್ತಲ್ಲ. ಫ್ಲಾಟ್ ಕ್ರೇಟ್‌ಗೆ ಎಷ್ಟಾಗ್ತಿತ್ತು ಅಂತ ಮ್ಯಾನೇಜ್‌ಮೆಂಟ್‌ನೋರು ಈಗ ಕೇಳ್ತಾರೆ. ಮೇಣ, ಮಣ್ಣು, ಎಲೆ ಏನೇ ಇರ್ಲಿ, ಕಲಾವಿದರು ವಿಡಿಯೋ ಕಾಲ್‌ನಲ್ಲಾದ್ರೂ ಇಲ್ದೇ ಈಗ ನಾನು ಕ್ರೇಟ್ ಬಿಚ್ಚಲ್ಲ. ಡ್ರಾಪ್‌ಡೌನ್‌ಗೆ 'ಕಲಾವಿದರನ್ನ ಕೇಳ್ಬೇಕು' ಅಂತ ಒಂದು ಆಪ್ಷನ್ ಸೇರಿಸಿ ಅಂತ ಟಿಕೆಟ್ ಹಾಕಿದ್ದೆ, ಅಗತ್ಯ ಇಲ್ಲ ಅಂತ ಐಟಿಯೋರು ಕ್ಲೋಸ್ ಮಾಡಿದಾರೆ.