ರೇಡಿಯೇಟರ್ ಹೋಸ್‌ಗೆ ಹಚ್ಚಿದ ಗ್ರೀಸ್

ಕಳೆದ ಮಾವಿನ ಸುಗ್ಗಿಯಲ್ಲಿ ಶ್ರೀನಿವಾಸಪುರದಿಂದ ತೋತಾಪುರಿ ಹೇರಿಕೊಂಡು ಚಿತ್ತೂರಿನ ಕಡೆಗೆ ಹೊರಟಿದ್ದ ನಮ್ಮ ಪಿಕಪ್, ಮುಳಬಾಗಿಲು ದಾಟಿ ನಂಗಲಿ ಸಮೀಪಿಸುವಾಗ ಬಾನೆಟ್‌ನಿಂದ ಹಬೆ ಉಗುಳಲು ತೊಡಗಿತು. ಎಂಜಿನ್ ನಿಲ್ಲಿಸಿ, ಅದು ಆರುವವರೆಗೆ ಕಾದು ನೋಡಿದಾಗ ರೇಡಿಯೇಟರ್‌ನ ಮೇಲಿನ ಹೋಸ್ ಅದರ ಬಾಯಿಂದ ಕಳಚಿಕೊಂಡಿತ್ತು. ಹೋಸ್ ಎಲ್ಲಿಯೂ ಒಡೆದಿರಲಿಲ್ಲ, ಕ್ಲಿಪ್ಪಿನ ಸ್ಕ್ರೂ ಕೂಡ ಸಡಿಲವಾಗಿರಲಿಲ್ಲ. ಆದರೆ ತುದಿಯ ಎರಡು ಅಂಗುಲದಷ್ಟು ರಬ್ಬರ್ ಉಬ್ಬಿ, ಮೆತ್ತಗಾಗಿ, ಬೆರಳಿಗೆ ಅಂಟುವಂತಾಗಿತ್ತು.

ಕಾರಣ ನನಗೆ ಅಲ್ಲಿಯೇ ಹೊಳೆಯಿತು. ಆರು ತಿಂಗಳ ಹಿಂದೆ ಕೋಲಾರದ ಮನೆಯಂಗಳದಲ್ಲಿ ನಾನೇ ಆ ಹೋಸನ್ನು ಬದಲಿಸಿದ್ದೆ. ಹೊಸ ರಬ್ಬರ್ ಬಿಗಿಯಾಗಿದ್ದು ಒಳಗೆ ಜಾರದಿದ್ದಾಗ, ಪಕ್ಕದಲ್ಲಿದ್ದ ಬೇರಿಂಗ್ ಗ್ರೀಸಿನ ಡಬ್ಬಿಯಿಂದ ಒಂದು ಬೆರಳಷ್ಟು ತೆಗೆದು ಒಳಬದಿಗೆ ಹಚ್ಚಿ ತಳ್ಳಿದ್ದೆ. ಆಗ ಅದು ಬಹಳ ಸಲೀಸಾಗಿ ಕೂತಿತ್ತು.

ಇಂದಿನ ಬಹುತೇಕ ವಾಹನಗಳಲ್ಲಿ ಕೂಲೆಂಟ್, ಅಂದರೆ ಎಂಜಿನ್ ತಣಿಸುವ ದ್ರವ, ಹರಿಯುವ ಹೋಸ್‌ಗಳು ಇಪಿಡಿಎಂ ಎಂಬ ಕೃತಕ ರಬ್ಬರಿನವು. ಬಿಸಿನೀರು, ಹಬೆ, ಕೂಲೆಂಟಿನಲ್ಲಿರುವ ಗ್ಲೈಕಾಲ್ ಇವುಗಳನ್ನು ವರ್ಷಗಟ್ಟಲೆ ತಡೆದುಕೊಳ್ಳುವ ಈ ರಬ್ಬರ್, ಪೆಟ್ರೋಲಿಯಂ ಮೂಲದ ಎಣ್ಣೆ ಅಥವಾ ಗ್ರೀಸ್ ತಾಗಿದರೆ ಅದನ್ನು ಹೀರಿಕೊಂಡು ಊದಿಕೊಳ್ಳುತ್ತದೆ, ತನ್ನ ಗಟ್ಟಿತನವನ್ನು ಕಳೆದುಕೊಳ್ಳುತ್ತದೆ. ಡೀಸೆಲ್ ಪೈಪಿಗೆ ಬಳಸುವ ನೈಟ್ರೈಲ್ ರಬ್ಬರಿನ ಗುಣ ಇದಕ್ಕೆ ತಿರುಗುಮುರುಗು: ಎಣ್ಣೆಗೆ ಅದು ಜಗ್ಗುವುದಿಲ್ಲ, ಆದರೆ ಸದಾ ಕುದಿಯುವಂಥ ಕೂಲೆಂಟ್ ಹರಿಯುವ ಕಡೆ ಬೇಗ ಗಡಸಾಗಿ ಬಿರಿಯುತ್ತದೆ. ಎರಡೂ ಕಪ್ಪು, ಎರಡರ ಅಳತೆಯೂ ಒಂದೇ ಇರಬಹುದು. ಹಾಗಾಗಿ ಅಂಗಡಿಯಲ್ಲಿ ಹಳೆಯ ತುಂಡನ್ನು ತೋರಿಸಿ "ಇದೇ ಸೈಜಿಂದು ಕೊಡಣ್ಣಾ" ಎಂದರೆ ಸಾಲದು, ಇದು ಕೂಲೆಂಟಿಗೆ ಎಂದು ಹೇಳಿ, ಹೋಸಿನ ಮೇಲಿನ ಮುದ್ರೆಯನ್ನು ಓದಿಯೇ ತೆಗೆದುಕೊಳ್ಳಬೇಕು.

ಹಾಗಾದರೆ ಜಾರಲು ಏನು ಹಚ್ಚಬೇಕು? ಆ ಹೋಸಿನೊಳಗೆ ಮುಂದೆ ಹರಿಯಲಿರುವ ಕೂಲೆಂಟನ್ನೇ ಹಚ್ಚುವುದು ಎಲ್ಲಕ್ಕಿಂತ ಕ್ಷೇಮ. ಅದಿಲ್ಲದಿದ್ದರೆ ಶುದ್ಧ ನೀರಿಗೆ ಪಾತ್ರೆ ತೊಳೆಯುವ ಸೋಪಿನ ಒಂದೆರಡು ಹನಿ ಬೆರೆಸಿ ತೆಳುವಾಗಿ ಸವರಬಹುದು. ಹೋಸಿನ ತುದಿಯನ್ನು ಐದು ನಿಮಿಷ ಬಿಸಿನೀರಿನಲ್ಲಿ ಅದ್ದಿಟ್ಟರೆ ರಬ್ಬರ್ ಸಡಿಲಗೊಂಡು ಅರ್ಧ ಕೆಲಸ ತಾನಾಗಿಯೇ ಆಗುತ್ತದೆ. ಎಂಜಿನ್ ಆಯಿಲ್, ಗ್ರೀಸ್, ವ್ಯಾಸಲೀನ್, ಮನೆಯ ಕೊಬ್ಬರಿ ಎಣ್ಣೆ ಯಾವುದೂ ಬೇಡ. ಕೂಲೆಂಟಿನ ಹರಿವನ್ನು ಬಿಸಿಗೆ ತಕ್ಕಂತೆ ತೆರೆದು ಮುಚ್ಚುವ ಥರ್ಮೋಸ್ಟಾಟ್‌ನ ಬಳಿಯ ಓ-ರಿಂಗ್‌ನಂಥ (ಸೋರದಂತೆ ತಡೆಯುವ ರಬ್ಬರ್ ಬಳೆ) ಸಣ್ಣ ಭಾಗಗಳಿಗೆ ಸಿಲಿಕೋನ್ ಗ್ರೀಸ್ ಹೊಂದುತ್ತದೆ. ಆದರೆ ಹೋಸೇ ಸಿಲಿಕೋನಿನದಾಗಿದ್ದರೆ ಆ ಗ್ರೀಸ್ ಕೂಡ ಅದನ್ನು ಊದಿಸುತ್ತದೆ.

ಸಿಲಿಕೋನ್ ಹೋಸ್ ಹಾಕಿಸಿಕೊಳ್ಳಿ ಎಂದು ಹಲವರು ನನಗೆ ಹೇಳಿದರು. ಇಪಿಡಿಎಂ ತಾಳಲಾರದ ಬಿಸಿಯನ್ನು ಅದು ತಾಳುತ್ತದೆ ಎಂಬುದು ನಿಜ. ಆದರೆ ರೇಡಿಯೇಟರ್ ಮುಚ್ಚಳ ಒಳಗಿನ ಒತ್ತಡವನ್ನು ಹೊರಗಿನ ಗಾಳಿಯ ಒತ್ತಡಕ್ಕಿಂತ ಸುಮಾರು 1 ಬಾರ್ ಹೆಚ್ಚಾಗಿ ಹಿಡಿದಿಡುವಾಗ ನೀರು ಕುದಿಯುವುದೇ 120 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ, ಸರಿಯಾಗಿರುವ ಎಂಜಿನ್ ಅಷ್ಟರವರೆಗೆ ಹೋಗುವುದೂ ಇಲ್ಲ. ಸಿಲಿಕೋನ್ ಗೋಡೆಯ ಮೂಲಕ ನೀರಿನ ಆವಿ ಹೆಚ್ಚು ಸೋರುತ್ತದೆ, ಸ್ಕ್ರೂ ಕಚ್ಚುವ ಸೀಳುಗಳಿರುವ ಪಟ್ಟಿಯ ಸಾಮಾನ್ಯ ಕ್ಲಿಪ್ ಅದನ್ನು ಕೊಯ್ಯುತ್ತದೆ, ಬೆಲೆಯೂ ಹೆಚ್ಚು. ಹಣ್ಣು, ತರಕಾರಿ ಸಾಗಿಸುವ ನಮ್ಮಂಥವರ ಗಾಡಿಗೆ ಕಂಪನಿಯ ಆಕಾರದಲ್ಲೇ ಅಚ್ಚು ಹಾಕಿದ ಇಪಿಡಿಎಂ ಹೋಸ್ ಸಾಕು ಎಂಬುದು ನನ್ನ ತೀರ್ಮಾನ. ನೇರವಾದ ಹೋಸನ್ನು ಬಲವಂತವಾಗಿ ಬಗ್ಗಿಸಿದರೆ ತಿರುವಿನಲ್ಲಿ ಮಡಿಕೆ ಬಿದ್ದು ನೀರಿನ ಹರಿವು ಕಟ್ಟುತ್ತದೆ. ಕೆಳಗಿನ ಹೋಸ್ ಪಂಪಿನ ಹೀರುವ ಬದಿಯಲ್ಲಿರುವುದರಿಂದ, ಹಳೆಯದರ ಒಳಗೆ ಸ್ಪ್ರಿಂಗ್ ಇದ್ದರೆ ಅದನ್ನು ತೆಗೆದು ಎಸೆಯಬಾರದು. ಅದಿಲ್ಲದೆ ಹೆಚ್ಚಿನ ವೇಗದಲ್ಲಿ ಹೋಸ್ ಒಳಕ್ಕೆ ಚಪ್ಪಟೆಯಾಗಬಹುದು.

ಹೊರಗಿನಿಂದ ಹೊಳೆಯುವ ಹೋಸ್ ಒಳಗಿನಿಂದ ಸೀಳಿರಬಹುದು ಎಂಬುದನ್ನೂ ಇದೇ ಸಂದರ್ಭದಲ್ಲಿ ತಿಳಿದೆ. ರಬ್ಬರ್, ಲೋಹ ಮತ್ತು ಕೂಲೆಂಟ್ ಸೇರಿ ಒಂದು ಸಣ್ಣ ಬ್ಯಾಟರಿಯಂತೆ ವರ್ತಿಸುವುದರಿಂದ, ಲೋಹದ ಬಾಯಿಯ ಹತ್ತಿರ ಒಳಗೋಡೆಯಲ್ಲಿ ಉದ್ದುದ್ದ ಬಿರುಕುಗಳು ಹುಟ್ಟುತ್ತವೆ. ಎಂಜಿನ್ ಪೂರ್ತಿ ತಣ್ಣಗಿರುವಾಗ ಕ್ಲಿಪ್ಪಿನ ಪಕ್ಕದಲ್ಲಿ ಒಮ್ಮೆ, ನಡುಭಾಗದಲ್ಲಿ ಒಮ್ಮೆ ಹಿಸುಕಿ ನೋಡಬೇಕು. ತುದಿ ನಡುವಿಗಿಂತ ಮೆತ್ತಗಿದ್ದರೆ ಬದಲಿಸುವ ಕಾಲ ಬಂದಿದೆ ಎಂದೇ ಅರ್ಥ.

ನಮ್ಮ ಕಡೆಯ ಕೊಳವೆಬಾವಿಗಳ ನೀರು ಗಡಸು. ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಪದರವೇ ರೇಡಿಯೇಟರ್‌ನ ಸಣ್ಣ ನಳಿಗೆಗಳಲ್ಲೂ ಕಟ್ಟುತ್ತದೆ. ನೀರು ಹೆಪ್ಪುಗಟ್ಟದಂತೆ ತಡೆಯುವ ಕೂಲೆಂಟ್ ಹಿಮ ಬೀಳದ ನಾಡಿಗೆ ಏಕೆ ಎಂದು ಕೇಳುವವರಿದ್ದಾರೆ. ತುಕ್ಕು ತಡೆಯುವುದು, ಕುದಿಬಿಂದುವನ್ನು ಏರಿಸುವುದು ನಮಗೂ ಬೇಕಾದ ಕೆಲಸಗಳೇ. ಅದನ್ನು ಬಟ್ಟಿ ಇಳಿಸಿದ ನೀರಿನೊಂದಿಗೆ ಸಮಪಾಲು ಬೆರೆಸುತ್ತೇನೆ. ವಾಟರ್ ಪಂಪಿಗೆಂದು ಹಿಂದೆ ಕೆಲವರು ರೇಡಿಯೇಟರ್‌ಗೆ ಸುರಿಯುತ್ತಿದ್ದ ಕರಗುವ ಎಣ್ಣೆಯನ್ನು ನಾನು ಹಾಕುವುದಿಲ್ಲ. ಈಗಿನ ಪಂಪಿನ ಬೇರಿಂಗ್ ಗ್ರೀಸಿನೊಂದಿಗೇ ಮುಚ್ಚಿ ಬರುತ್ತದೆ, ಸೀಲಿಗೆ ಕೂಲೆಂಟೇ ತೇವ ಒದಗಿಸುತ್ತದೆ.

ಈ ಬಾರಿ ಲೋಹದ ಬಾಯನ್ನು ಉಜ್ಜಿ, ಹಳೆಯ ಗ್ರೀಸಿನ ಕಲೆ ಹೋಗುವವರೆಗೆ ಸೋಪಿನ ನೀರಿನಲ್ಲಿ ತೊಳೆದು, ಕೂಲೆಂಟ್ ಸವರಿ ಹೊಸ ಹೋಸನ್ನು ಕೂರಿಸಿದೆ. ಮೊದಲ ಓಡಾಟ ಮುಗಿಸಿ ಬಂದ ಮರುದಿನ ಬೆಳಿಗ್ಗೆ, ತಣ್ಣಗಿದ್ದ ಎಂಜಿನ್‌ನಲ್ಲಿ ಕ್ಲಿಪ್ ಇನ್ನೂ ಕಾಲು ಸುತ್ತು ಬಿಗಿಯಿತು.