ಅದೇ ಪದ

ಇವತ್ತು ಬೆಳಿಗ್ಗೆ ಬೈಬಲಿನ ಮೊದಲ ಪುಸ್ತಕ ಆದಿಕಾಂಡ ಓದುತ್ತಿದ್ದೆ. 1:28 (ಒಂದನೇ ಅಧ್ಯಾಯ, 28ನೇ ವಚನ) ಗೊತ್ತಲ್ವಾ, ಭೂಮಿಯನ್ನು ವಶಮಾಡಿಕೊಳ್ಳಿ, ಜೀವಿಗಳ ಮೇಲೆ ದೊರೆತನ ಮಾಡಿ ಅನ್ನುವ ಮಾತು. ಅಲ್ಲಿಗೇ ಪುಸ್ತಕ ಮುಚ್ಚಿದವರೇ ಜಾಸ್ತಿ. ನಾನೂ ಅವರಲ್ಲಿ ಒಬ್ಬಳು.

ಸ್ವಲ್ಪ ಮುಂದೆ ಹೋದರೆ 2:15. ದೇವರು ಮನುಷ್ಯನನ್ನು ಏದೆನ್ ತೋಟದಲ್ಲಿ ಇಟ್ಟಿದ್ದು ಅಲ್ಲಿ ದುಡಿಯಲಿ, ಅದನ್ನು ಕಾಯಲಿ ಅಂತ. 'ಕಾಯು' ಅನ್ನುವುದಕ್ಕೆ ಮೂಲ ಹೀಬ್ರೂನಲ್ಲಿರುವ ಪದ 'ಶಾಮರ್'. ಆರಾಧನೆಯ ಕೊನೆಗೆ ಹೇಳುವ ಆಶೀರ್ವಾದ ಇದೆಯಲ್ಲ, ದೇವರು ನಿನ್ನನ್ನು ಆಶೀರ್ವದಿಸಿ ಕಾಪಾಡಲಿ ಅಂತ (ಬೈಬಲಿನ ಅರಣ್ಯಕಾಂಡ 6:24), ಅಲ್ಲೂ ಇದೇ ಪದ! ದೇವರು ನನ್ನನ್ನು ಹೇಗೆ ಕಾಯಲಿ ಅಂತ ಬೇಡುತ್ತೇನೋ, ಹಾಗೇ ನಾನು ಮಣ್ಣನ್ನು ಕಾಯಬೇಕಂತೆ. ಸುಮ್ನೆ ಕೂತುಬಿಟ್ಟೆ.

ಆಮೇಲೆ ಹುಡುಕುತ್ತಾ ಹೋದೆ. ಊರಿಗೆ ಮುತ್ತಿಗೆ ಹಾಕಿದಾಗಲೂ ಹಣ್ಣಿನ ಮರ ಕಡಿಯಬೇಡಿ ಅನ್ನುತ್ತದೆ ಧರ್ಮೋಪದೇಶಕಾಂಡ 20:19. ಯುದ್ಧದ ಮಧ್ಯೆ ಮರದ ಚಿಂತೆ, ನೋಡಿ! ಏಳನೇ ವರ್ಷ ಹೊಲಕ್ಕೂ ರಜೆ ಕೊಡಿ ಅನ್ನುತ್ತದೆ ಯಾಜಕಕಾಂಡ 25. ಇದನ್ನೆಲ್ಲ ಎಷ್ಟು ಸಲ ಓದಿ ದಾಟಿದ್ದೇನೋ.

ಸೆಪ್ಟೆಂಬರ್ 1 ಸೃಷ್ಟಿಗಾಗಿ ಪ್ರಾರ್ಥಿಸುವ ದಿನ. 1989ರಲ್ಲಿ ಆರ್ಥೊಡಾಕ್ಸ್ ಕ್ರೈಸ್ತ ಸಭೆಯವರು ಶುರುಮಾಡಿದ್ದು. 2015ರಲ್ಲಿ ಪೋಪ್ ಫ್ರಾನ್ಸಿಸ್ ಕಥೋಲಿಕರಿಗೂ ಅದೇ ದಿನವನ್ನು ಗೊತ್ತುಮಾಡಿದರು. ಒಂದೇ ದಿನ ಸಾಕಾ ಅಂತ ಕೇಳುವ ಹಕ್ಕು ನನಗಿಲ್ಲ ಬಿಡಿ.

ಯಾಕೆಂದರೆ ಈಗಷ್ಟೇ ನನ್ನ ಪ್ರಾರ್ಥನೆಯ ಪಟ್ಟಿ ತೆಗೆದು ನೋಡಿದೆ. ಕೆಲಸ, ಸಾಲ, ಮಂಡಿನೋವು, ಮಕ್ಕಳ ಪರೀಕ್ಷೆ ಎಲ್ಲ ಇದೆ. ಒಂದು ನದಿಯ ಹೆಸರೂ ಇಲ್ಲ.